‘ಹವ್ಯಾಸ?’ ಎಂದರೆ ‘ಬರೀತೀನಿ’ ಎನ್ನಲು ಐದು ಸೆಮಿಸ್ಟರ್ ಬೇಕಾಯ್ತು

ಎಂಜಿನಿಯರಿಂಗ್ ಮೊದಲ ಸೆಮಿಸ್ಟರ್‌ನ ಮೊದಲ ದಿನ. ಹೊಸ ಕ್ಲಾಸು, ಹೊಸ ಬೆಂಚು, ಅರವತ್ತು ಹೊಸ ಮುಖಗಳು. ಒಬ್ಬೊಬ್ಬರಾಗಿ ಎದ್ದು ನಿಂತು ಹೆಸರು, ಊರು, ಪಿಯುಸಿ ಓದಿದ ಕಾಲೇಜು, ಹವ್ಯಾಸ ಹೇಳಬೇಕಿತ್ತು. ಮುಂದಿನ ಬೆಂಚಿನವನು ‘ಕ್ರಿಕೆಟ್’ ಅಂದ. ಪಕ್ಕದವಳು ‘ಡ್ಯಾನ್ಸ್’ ಅಂದಳು. ನನ್ನ ಸರದಿ ಬಂತು. ಹೆಸರು ಹೇಳಿದೆ. ಊರು ಬಾಗಲಕೋಟೆಯ ನವನಗರ ಅಂದೆ. ಹವ್ಯಾಸ ಎನ್ನುವಲ್ಲಿಗೆ ಬಂದಾಗ ಗಂಟಲು ಕಟ್ಟಿದಂತಾಯಿತು. ‘ಹಾಡು ಕೇಳೋದು ಸರ್’ ಎಂದು ಕೂತುಬಿಟ್ಟೆ.

ಆ ಹೊತ್ತಿಗೆ ಹಾಸ್ಟೆಲ್ಲಿನ ನನ್ನ ಟ್ರಂಕಿನ ತಳದಲ್ಲಿ, ಬಟ್ಟೆಗಳ ಕೆಳಗೆ, ನಾಲ್ಕು ನೋಟ್‌ಬುಕ್‌ಗಳಿದ್ದವು. ಎಂಟನೇ ತರಗತಿಯಿಂದ ಬರೆದ ಕಥೆಗಳು, ಕವನಗಳು, ಅರ್ಧಕ್ಕೆ ನಿಂತ ಒಂದು ಕಾದಂಬರಿ. ಕದ್ದ ಮಾಲನ್ನು ಬಚ್ಚಿಟ್ಟ ಹಾಗೆ ಬಚ್ಚಿಟ್ಟಿದ್ದೆ. ‘ಬರೀತೀನಿ’ ಅಂದಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ‘ಹೌದಾ? ಎಲ್ಲಿ ಪ್ರಕಟವಾಗಿದೆ?’ ಎಲ್ಲಿಯೂ ಆಗಿರಲಿಲ್ಲ. ಹಾಡು ಕೇಳುವವರನ್ನು ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ ನೋಡಿ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರ ಟ್ರಂಕಿನಲ್ಲಿ, ಇಲ್ಲವೇ ಮೊಬೈಲ್‌ನ ನೋಟ್ಸ್‌ನಲ್ಲಿ, ಇಂಥದ್ದೇ ಮಾಲು ಇದ್ದೀತು. ಅದನ್ನು ಹೊರಗೆ ತೆಗೆಯಲು ನನಗೆ ಐದು ಸೆಮಿಸ್ಟರ್ ಹಿಡಿಯಿತು. ನಿಮಗೆ ಅಷ್ಟು ಹಿಡಿಯದಿರಲಿ ಎಂದು ಈ ಕಥೆ ಹೇಳುತ್ತಿದ್ದೇನೆ.

ಪೆನ್ಸಿಲ್‌ನಲ್ಲಿ ಬರೆದ ಒಂದು ಸಾಲು

ಎರಡನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ಒಂದು ಕಥೆ ಬರೆದೆ. ಮಲೆನಾಡಿನ ಹೆಂಚಿನ ಮನೆ. ಸುರಿಯುವ ಮಳೆ. ಕಿಟಕಿಯ ಬಳಿ ಕೂತ ಹುಡುಗಿ. ಕಡಲೂರಿಗೆ ಹೋದ ಹುಡುಗನ ಪತ್ರಕ್ಕೆ ಕಾಯುತ್ತಾಳೆ. ಕೊನೆಗೆ ಪತ್ರ ಬರುತ್ತದೆ, ಮಳೆಯಲ್ಲಿ ನೆನೆದು ಅಕ್ಷರ ಅಳಿಸಿಹೋಗಿರುತ್ತದೆ.

ನಾನು ಆವರೆಗೆ ಮಲೆನಾಡು ನೋಡಿರಲಿಲ್ಲ. ಕಡಲನ್ನಂತೂ ಇವತ್ತಿಗೂ ನೋಡಿಲ್ಲ. ನಮ್ಮ ಕಡೆ ಮಳೆ ಬಂದರೆ ಯಾರೂ ಕಿಟಕಿ ಹತ್ತಿರ ಕೂರುವುದಿಲ್ಲ, ಒಣಹಾಕಿದ ಮೆಣಸಿನಕಾಯಿ ಎತ್ತಿಕೊಳ್ಳಲು ಮಾಳಿಗೆಗೆ ಓಡುತ್ತಾರೆ. ಆದರೆ ಮೆಣಸಿನಕಾಯಿಯ ಬಗ್ಗೆ ಯಾರಾದರೂ ಕಥೆ ಬರೆಯುತ್ತಾರೆಯೇ? ಕಥೆ ಎಂದರೆ ಹೀಗಿರಬೇಕು, ಅದರ ಕನ್ನಡ ಹೀಗಿರಬೇಕು ಎಂದು ನನ್ನ ತಲೆಯಲ್ಲಿ ಹೈಸ್ಕೂಲಿನಲ್ಲೇ ಕೂತುಬಿಟ್ಟಿತ್ತು. ಒಮ್ಮೆ ಪ್ರಬಂಧ ಸ್ಪರ್ಧೆಯಲ್ಲಿ ‘ಹೊಂಟಿದ್ದೆ’ ಎಂದು ಬರೆದು ಕೆಂಪು ಗೆರೆ ಎಳೆಸಿಕೊಂಡಿದ್ದೆ. ಅಂದಿನಿಂದ ಮನೆಯ ಕನ್ನಡ ಮಾತಿಗೆ, ಪುಸ್ತಕದ ಕನ್ನಡ ಬರಹಕ್ಕೆ ಎಂದು ಎರಡು ಡಬ್ಬಿ ಮಾಡಿಕೊಂಡಿದ್ದೆ.

ಕಥೆಯನ್ನು ಒಂದು ವಾರಪತ್ರಿಕೆಗೆ ಮೇಲ್ ಮಾಡಿದೆ. ಮೊದಲ ವಾರ ದಿನಕ್ಕೆ ಹತ್ತು ಸಲ ಇನ್‌ಬಾಕ್ಸ್ ತೆರೆದೆ. ಒಂದು ತಿಂಗಳಾಯಿತು, ಮೂರು ತಿಂಗಳಾಯಿತು. ಉತ್ತರವಿಲ್ಲ. ‘ಚೆನ್ನಾಗಿಲ್ಲ’ ಎಂದಾದರೂ ಬರೆದಿದ್ದರೆ ಆಗುತ್ತಿತ್ತು ಅನ್ನಿಸಿತು. ದಿನಕ್ಕೆ ಎಷ್ಟೋ ಬರಹಗಳು ಬರುವ ಕಚೇರಿಯಲ್ಲಿ ಎಲ್ಲರಿಗೂ ಉತ್ತರಿಸುತ್ತ ಕೂರಲಾಗುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಮೌನವನ್ನು ನಾನೇ ಅನುವಾದ ಮಾಡಿಕೊಂಡೆ: ‘ನಿನಗೆ ಬರೆಯಲು ಬರುವುದಿಲ್ಲ.’

ಮೂರನೇ ಸೆಮಿಸ್ಟರ್‌ನಲ್ಲಿ ನವೆಂಬರ್ ಬಂತು. ಕಾಲೇಜಿನ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಭಿತ್ತಿಪತ್ರಿಕೆ ಮಾಡುತ್ತಿದ್ದರು. ರೂಮ್‌ಮೇಟ್ ಒತ್ತಾಯಕ್ಕೆ ಅದೇ ಕಥೆ ಕೊಟ್ಟೆ. ಲೈಬ್ರರಿ ಪಕ್ಕದ ಬೋರ್ಡ್‌ನಲ್ಲಿ ಕಥೆ, ಕೆಳಗೆ ನನ್ನ ಹೆಸರು. ಎರಡು ದಿನ ಆ ದಾರಿಯಲ್ಲಿ ಕಾರಣವಿಲ್ಲದೆ ಓಡಾಡಿದೆ. ಮೂರನೆಯ ದಿನ ಕಥೆಯ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಬರೆದಿದ್ದರು: ‘ಇದನ್ನ ಎಲ್ಲೋ ಓದಿದಂಗಿದೆಯಲ್ಲಾ!’

ನಾನು ಯಾರದೇ ಒಂದು ಸಾಲನ್ನೂ ಕದ್ದಿರಲಿಲ್ಲ. ಆದರೂ ಸಿಕ್ಕಿಬಿದ್ದ ಕಳ್ಳಿಯಂತೆ ಮುಖ ಬಿಸಿಯಾಯಿತು. ಅಂದು ಸಂಜೆ ಮೆಸ್‌ಗೂ ಹೋಗಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ನಾಲ್ಕೂ ನೋಟ್‌ಬುಕ್‌ಗಳನ್ನು ಒಯ್ದು ಅಟ್ಟದ ಮೇಲಿಟ್ಟು ಬಂದೆ. ಮುಂದಿನ ಆರೇಳು ತಿಂಗಳು ಅಸೈನ್‌ಮೆಂಟು, ಲ್ಯಾಬ್ ರೆಕಾರ್ಡು ಬಿಟ್ಟು ಬೇರೆ ಏನನ್ನೂ ಬರೆಯಲಿಲ್ಲ.

ಅನುಮಾನ ಪೂರ್ತಿ ಸುಳ್ಳೂ ಅಲ್ಲ

ಆ ದಿನಗಳಲ್ಲಿ ಮೋಟಿವೇಷನ್ ವಿಡಿಯೊಗಳನ್ನು ಬೇಕಾದಷ್ಟು ನೋಡಿದೆ. ಎಷ್ಟೋ ಪ್ರಕಾಶಕರು ತಿರಸ್ಕರಿಸಿದ ಹಸ್ತಪ್ರತಿ ಕೋಟಿಗಟ್ಟಲೆ ಮಾರಾಟವಾದ ಕಥೆ ಎಲ್ಲದರಲ್ಲೂ ಬರುತ್ತದೆ. ಕೇಳಿದಾಗ ಹತ್ತು ನಿಮಿಷ ಹುರುಪು. ಆಮೇಲೆ ಇನ್ನೊಂದು ಯೋಚನೆ ಒಳಗಿನಿಂದ ಬರುತ್ತಿತ್ತು: ‘ಅವರ ಹಸ್ತಪ್ರತಿ ನಿಜಕ್ಕೂ ಚೆನ್ನಾಗಿತ್ತು. ನಿನ್ನದು?’

ಹುಡುಕುತ್ತಾ ಹೋದಾಗ ‘ಇಂಪೋಸ್ಟರ್ ಫೆನಾಮಿನನ್’ ಎಂಬ ಮಾತು ಸಿಕ್ಕಿತು. 1978ರಲ್ಲಿ ಪೌಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞೆಯರು ಇದರ ಬಗ್ಗೆ ಬರೆದರು. ಓದಿನಲ್ಲಿ, ವೃತ್ತಿಯಲ್ಲಿ ಸಾಧನೆ ಮಾಡಿದ ಹೆಣ್ಣುಮಕ್ಕಳೂ ‘ನಾನು ಇದಕ್ಕೆ ತಕ್ಕವಳಲ್ಲ, ಎಲ್ಲರನ್ನೂ ಹೇಗೋ ನಂಬಿಸಿದ್ದೇನೆ, ಒಂದು ದಿನ ಸಿಕ್ಕಿಬೀಳುತ್ತೇನೆ’ ಎಂದು ಒಳಗೊಳಗೇ ಹೆದರುವುದನ್ನು ಅವರು ಗುರುತಿಸಿದ್ದರು. ಒಳ್ಳೆಯ ಅಂಕ ಬಂದರೂ ‘ಪೇಪರ್ ಈಸಿ ಇತ್ತು’ ಎನ್ನುವ, ಪ್ಲೇಸ್‌ಮೆಂಟ್ ಆದರೂ ‘ಲಕ್ ಅಷ್ಟೇ’ ಎನ್ನುವ ಗೆಳತಿಯರು ನೆನಪಾದರು. ಸದ್ಯ, ನನ್ನ ಕಾಯಿಲೆಗೂ ಒಂದು ಹೆಸರಿದೆ ಎಂದು ಸಮಾಧಾನವಾಯಿತು.

ಆದರೆ ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ಅವರೆಲ್ಲ ಸಾಧಿಸಿದ ಮೇಲೆ ಅನುಮಾನಪಟ್ಟವರು. ನಾನು ಸಾಧಿಸಿದ್ದೇನು? ಅದೂ ಅಲ್ಲದೆ ಆ ಕಥೆಯನ್ನು ಫೋನಿನಲ್ಲಿ ಮತ್ತೆ ಓದಿದಾಗ, ನನ್ನದೆಂಬ ಮಮತೆ ಬಿಟ್ಟು ಓದಿದಾಗ, ಅದು ಚೆನ್ನಾಗಿರಲಿಲ್ಲ. ನನ್ನ ಅನುಮಾನ ಕಥೆಯ ಮಟ್ಟಿಗೆ ಸರಿಯಾಗಿಯೇ ಇತ್ತು. ತಪ್ಪಿದ್ದು ಎಲ್ಲಿ ಎಂದರೆ, ‘ಈ ಕಥೆ ಸರಿಯಿಲ್ಲ’ ಎಂಬುದರಿಂದ ನೇರವಾಗಿ ‘ನಾನು ಬರೆಯಲಾರೆ’ ಎಂಬುದಕ್ಕೆ ಜಿಗಿದಿದ್ದೆ. ಎರಡೂ ಒಂದೇ ಅಲ್ಲ. ಮೊದಲನೆಯದನ್ನು ತಿದ್ದಬಹುದು. ಎರಡನೆಯದನ್ನು ನಂಬಿದರೆ ತಿದ್ದಲು ಏನೂ ಉಳಿಯುವುದಿಲ್ಲ.

ಲ್ಯಾಬ್‌ನಲ್ಲಿ ಹೊಳೆದದ್ದು

ನಗಬೇಡಿ. ಇದು ನನಗೆ ಚೆನ್ನಾಗಿ ಅರ್ಥವಾದದ್ದು ನಾಲ್ಕನೇ ಸೆಮಿಸ್ಟರ್‌ನ ಅನಲಾಗ್ ಲ್ಯಾಬ್‌ನಲ್ಲಿ. ಎಲೆಕ್ಟ್ರಾನಿಕ್ಸ್ ಓದುವವರೆಲ್ಲರಿಗೂ 741 ಎಂಬ ಎಂಟು ಕಾಲಿನ ಪುಟ್ಟ ಐಸಿ ಗೊತ್ತು. ಅದೊಂದು ಆಪ್ ಆ್ಯಂಪ್, ಅಂದರೆ ಸಣ್ಣ ಸಿಗ್ನಲ್ ಅನ್ನು ದೊಡ್ಡದು ಮಾಡುವ ಸಾಧನ. ಫೀಡ್‌ಬ್ಯಾಕ್ ಇಲ್ಲದೆ ಬಿಟ್ಟರೆ ಅದರ ಗೇನ್ ಸುಮಾರು ಎರಡು ಲಕ್ಷ. ಒಂದು ಮಿಲಿವೋಲ್ಟ್ ಕೊಟ್ಟರೆ ಲೆಕ್ಕದ ಪ್ರಕಾರ 200 ವೋಲ್ಟ್ ಬರಬೇಕು. ಆದರೆ ನಾವು ಕೊಟ್ಟಿರುವ ಸಪ್ಲೈ ಬರೀ 15 ವೋಲ್ಟ್. ಹಾಗಾಗಿ ಔಟ್‌ಪುಟ್ ಮೇಲಿನ ಮಿತಿಗೋ ಕೆಳಗಿನ ಮಿತಿಗೋ ಹೋಗಿ ಅಂಟಿಕೊಳ್ಳುತ್ತದೆ. ಒಳಗೆ ಕೊಟ್ಟದ್ದು ಏನು ಎಂಬ ಗುರುತೇ ಉಳಿಯುವುದಿಲ್ಲ. ತನ್ನ ಮೇಲೆ ಒಂದಿಷ್ಟೂ ಅನುಮಾನವಿಲ್ಲದೆ ದಿನಕ್ಕೆ ಮೂರು ಕವನ ಪೋಸ್ಟ್ ಮಾಡುವ ನಮ್ಮ ಸೀನಿಯರ್ ಒಬ್ಬರು ನೆನಪಾದರು!

ಇದನ್ನು ಹದಕ್ಕೆ ತರಲು ಔಟ್‌ಪುಟ್‌ನ ಒಂದು ಭಾಗವನ್ನು ಹಿಂದಕ್ಕೆ ತಂದು ಇನ್‌ಪುಟ್‌ನಿಂದ ಕಳೆಯುತ್ತಾರೆ. ಅದೇ ನೆಗೆಟಿವ್ ಫೀಡ್‌ಬ್ಯಾಕ್. ಹೆಸರು ನೆಗೆಟಿವ್ ಆದರೂ ಸರ್ಕ್ಯೂಟ್ ನೆಟ್ಟಗೆ ಕೆಲಸ ಮಾಡುವುದು ಅದರಿಂದಲೇ. ಬರೆಯುವವರ ಅನುಮಾನವೂ ಹಾಗೆಯೇ. ಬರೆದದ್ದನ್ನು ತಿರುಗಿ ನೋಡಿ, ಇಲ್ಲಿ ಹೆಚ್ಚಾಯಿತು, ಇಲ್ಲಿ ಸುಳ್ಳಾಯಿತು ಎಂದು ಹೇಳುವುದು ಅದೇ.

ಮುಂದಿನದು ಇನ್ನೂ ಸ್ವಾರಸ್ಯ. ಔಟ್‌ಪುಟ್ ಪೂರ್ತಿಯನ್ನೇ ಹಿಂದಕ್ಕೆ ಕೊಟ್ಟರೆ ಗೇನ್ ಒಂದಕ್ಕೆ ಇಳಿಯುತ್ತದೆ. ಇದನ್ನು ವೋಲ್ಟೇಜ್ ಫಾಲೋವರ್ ಎನ್ನುತ್ತಾರೆ. ಕೊಟ್ಟದ್ದನ್ನೇ ಹಾಗೆಯೇ ಹೊರಗೆ ಕೊಡುತ್ತದೆ, ದೊಡ್ಡದು ಮಾಡುವುದಿಲ್ಲ. ರೀಡಿಂಗ್ ಬರೆದುಕೊಳ್ಳುತ್ತಿದ್ದ ಪೆನ್ನು ಅಲ್ಲಿಗೇ ನಿಂತಿತು. ನನ್ನ ಕಥೆಯಲ್ಲಿ ಆಗಿದ್ದು ಇದೇ ಅಲ್ಲವೇ? ನನ್ನ ಮನೆ, ನನ್ನ ಮಾತು, ನಾನು ಕಂಡದ್ದು ಯಾವುದೂ ಕಥೆಗೆ ತಕ್ಕದ್ದಲ್ಲ ಎಂದು ಪ್ರತಿಯೊಂದನ್ನೂ ಅನುಮಾನಿಸಿ ಕಳೆಯುತ್ತಾ ಹೋಗಿದ್ದೆ. ಕೊನೆಗೆ ಉಳಿದದ್ದು ಬೇರೆಯವರ ಪುಸ್ತಕದಲ್ಲಿ ಓದಿದ ಮಳೆ, ಓದಿದ ಕಿಟಕಿ. ಅನುಮಾನ ಅತಿಯಾದರೆ ಬರವಣಿಗೆ ನಿಲ್ಲುತ್ತದೆ ಎಂದುಕೊಂಡಿದ್ದೆ. ಅದಕ್ಕೂ ಮೊದಲು ಅದು ನಮ್ಮನ್ನು ನಕಲುಗಾರರನ್ನಾಗಿ ಮಾಡುತ್ತದೆ.

ಪೆನ್ಸಿಲ್‌ನಲ್ಲಿ ಬರೆದಿದ್ದವರು ಯಾರೋ ಇಂದಿಗೂ ಗೊತ್ತಿಲ್ಲ. ಆದರೆ ನನ್ನ ಕಥೆಗೆ ಬಂದ ಸರಿಯಾದ ವಿಮರ್ಶೆ ಅದೊಂದೇ.

‘ಅವರ ಮನಿಯಾಗ ರೊಟ್ಟಿ ಬಡಿಯೋರು ಯಾರು?’

ಆ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವ್ವ ಅಟ್ಟ ಸ್ವಚ್ಛ ಮಾಡುತ್ತಾ ನೋಟ್‌ಬುಕ್‌ಗಳನ್ನು ಕೆಳಗಿಳಿಸಿದ್ದಳು. ಆಯಿ, ಅಂದರೆ ನನ್ನ ಅಜ್ಜಿ, ಅವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು. ಆಕೆಗೆ ಓದಲು ಬಾರದು. ‘ಇಷ್ಟೆಲ್ಲಾ ಏನ್ ಬರದೀಯವ್ವಾ? ಒಂದರೆ ಓದಿ ತೋರ್ಸು’ ಎಂದಳು. ಕರೆಂಟ್ ಹೋಗಿತ್ತು, ತಪ್ಪಿಸಿಕೊಳ್ಳಲು ನೆವವಿರಲಿಲ್ಲ. ಅದೇ ಮಲೆನಾಡಿನ ಕಥೆ ಓದಿದೆ.

ಆಯಿ ಕೊನೆಯವರೆಗೂ ಕೇಳಿದಳು. ಆಮೇಲೆ ಕೇಳಿದಳು: ‘ಆ ಹುಡುಗಿ ಮುಂಜಾನಿಂದ ಮಳಿ ನೋಡ್ಕೋಂತ ಕುಂತಾಳಲ್ಲ, ಅವರ ಮನಿಯಾಗ ರೊಟ್ಟಿ ಬಡಿಯೋರು ಯಾರು?’

ಅವ್ವ ಒಳಗಿನಿಂದ ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ. ‘ಅಲ್ಲಿ ರೊಟ್ಟಿ ತಿನ್ನೂದಿಲ್ಲ ಆಯಿ, ಅನ್ನ ಉಣ್ತಾರ’ ಅಂದೆ. ‘ಹಂಗಾರ ಜ್ವಾಳ ಬೆಳೆಯೂದಿಲ್ಲೇನು? ಅವರ ಮನಿಯಾಗ ಹಗೇನೂ ಇರೂದಿಲ್ಲೇನು?’ ಎಂದಳು. ಮಾತು ಅಲ್ಲಿಂದ ಹಗೇವಿಗೆ ತಿರುಗಿತು.

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಕಿರಿದು, ಒಳಗೆ ಅಗಲ. ಸುತ್ತ ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬರಗಾಲ ಬಂದರೆ ಮನೆಯನ್ನು ಕಾಯುತ್ತಿದ್ದದ್ದು ಅದು. ನಮ್ಮ ಹಳೆಯ ಮನೆ ಘಟಪ್ರಭಾ ದಂಡೆಯ ಒಂದು ಹಳ್ಳಿಯಲ್ಲಿತ್ತು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು ಮುಳುಗುತ್ತದೆ ಎಂದಾದಾಗ ಪರಿಹಾರ ತೆಗೆದುಕೊಂಡು ಎಲ್ಲರೂ ಎದ್ದು ಬಂದರು. ಅದೆಲ್ಲ ನಾನು ಹುಟ್ಟುವ ಮೊದಲಿನ ಮಾತು. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಆಯಿ ಅಂದು ಹೇಳಿದಳು.

‘ಹಗೇದ ಬಾಯಿ ತಗದ ಕೂಡಲೇ ಇಳೀಬಾರದು. ಒಳಗಿನ ಗಾಳಿ ಕೆಟ್ಟಿರತೈತಿ. ಮೊದಲ ಕಂದೀಲ ಇಳಿಬಿಡಬೇಕು. ಕಂದೀಲ ಆರಿತಂದ್ರ ಮನಶಾನೂ ಆರಿದಂಗ.’ ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದಳು. ಊರು ಬಿಡುವ ಹಿಂದಿನ ದಿನ ಹಗೇವಿನ ಕೊನೆಯ ಜೋಳವನ್ನೂ ಬಾಚಿ ಚೀಲಕ್ಕೆ ತುಂಬಿದ್ದರಂತೆ. ಟ್ರ್ಯಾಕ್ಟರ್ ಬಂದು ನಿಂತಿತ್ತು. ಆಗ ಮುತ್ಯಾ, ನನ್ನ ಅಜ್ಜ, ಖಾಲಿ ಹಗೇವಿಗೆ ಮತ್ತೆ ಕಲ್ಲು ಮುಚ್ಚಿ, ಮಣ್ಣು ಕಲಸಿ, ಪ್ರತಿವರ್ಷ ಮೆತ್ತುವ ಹಾಗೆಯೇ ನೀಟಾಗಿ ಮೆತ್ತಿದನಂತೆ. ಅಪ್ಪ ಆಗ ಹುಡುಗ, ‘ಹೆಂಗಿದ್ರೂ ನೀರ ಬರತೈತಿ, ಯಾಕ ಮೆತ್ತತಿ?’ ಎಂದು ಕೇಳಿದ್ದನಂತೆ. ಮುತ್ಯಾ ಉತ್ತರ ಕೊಡಲಿಲ್ಲ. ‘ಬಾಯಿ ತೆರದ ಬಿಟ್ಟ ಬರಾಕ ಅವಗ ಮನಸ ಒಪ್ಪಲಿಲ್ಲವ್ವಾ’ ಎಂದು ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಮುತ್ಯಾ ಈಗಿಲ್ಲ. ಆಯಿಗೆ ಎಂಬತ್ತು ದಾಟಿದೆ. ಅಪ್ಪ ಮೋಟರ್ ವೈಂಡಿಂಗ್ ಅಂಗಡಿ ಬಿಟ್ಟು ಬೇರೆ ಮಾತಾಡುವವನಲ್ಲ. ಆ ಮಣ್ಣು ಮೆತ್ತಿದ ಕೈಯ ಸಂಗತಿ ಕಾಗದಕ್ಕೆ ಇಳಿಯದಿದ್ದರೆ ಅದೂ ನೀರಿನೊಳಗೇ. ಇದನ್ನು ಬರೆಯಬಲ್ಲವರು ಯಾರು ಎಂದು ಯೋಚಿಸಿದರೆ, ನನಗಿಂತ ಚೆನ್ನಾಗಿ ಬರೆಯುವವರು ಕನ್ನಡದಲ್ಲಿ ಸಾವಿರ ಜನ ಇದ್ದಾರೆ. ಆದರೆ ಅವರಲ್ಲಿ ಯಾರೂ ನಮ್ಮ ಆಯಿಯ ಎದುರು ಕೂತಿರಲಿಲ್ಲ.

ಅಲ್ಲಿಯವರೆಗೆ ನಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ‘ನಾನು ಬರಹಗಾರ್ತಿಯೇ?’ ಎಂಬುದು. ಆ ಪ್ರಶ್ನೆಗೆ ಎಷ್ಟು ಯೋಚಿಸಿದರೂ ಉತ್ತರ ಸಿಗುವುದಿಲ್ಲ. ಆ ರಾತ್ರಿ ಪ್ರಶ್ನೆ ಬದಲಾಯಿತು: ‘ನನಗೆ ಗೊತ್ತಿರುವುದನ್ನು ಸರಿಯಾಗಿ ಹೇಳಿದ್ದೇನೆಯೇ?’ ಇದಕ್ಕೆ ಉತ್ತರ ಹುಡುಕಬಹುದು. ಕೆಲಸವೂ ಶುರುವಾಗುತ್ತದೆ.

ಒಂದು ವಾರ ಹಿಡಿಯಿತು. ಮಾತುಗಳನ್ನು ಆಯಿ ಆಡಿದ ಹಾಗೆಯೇ ಬರೆದೆ. ‘ಮೆತ್ತತಿ’ಯನ್ನು ‘ಮೆತ್ತುತ್ತೀಯೆ’ ಮಾಡಲು ಎರಡು ಸಲ ಕೈ ಹೋಯಿತು, ಹಿಂದೆಗೆದೆ. ಓದಿ ಹೇಳಿದಾಗ ಆಯಿ ಅಲ್ಲಲ್ಲಿ ತಡೆದಳು. ‘ಕಲ್ಲ ದುಂಡಗಿರಲಿಲ್ಲ, ಚೌಕಿತ್ತು.’ ‘ಅವತ್ತ ಗಾಳಿ ಇರಲಿಲ್ಲ, ಗಾಳಿ ಬೀಸಿತು ಅಂತ ಯಾಕ ಬರದಿ?’ ನಾನು ಚೆಂದಕ್ಕೆಂದು ಸೇರಿಸಿದ್ದೆಲ್ಲ ಸಿಕ್ಕಿಬಿತ್ತು. ಎಲ್ಲವನ್ನೂ ತಿದ್ದಿದೆ. ಮುತ್ಯಾ ಮಣ್ಣು ಮೆತ್ತುವ ಭಾಗ ಬಂದಾಗ ಆಯಿ ತಡೆಯಲಿಲ್ಲ. ಮುಗಿದ ಮೇಲೆ ‘ಅಷ್ಟ ಮತ್ತೊಮ್ಮೆ ಓದು’ ಎಂದಳು.

ಬರಹಗಾರ್ತಿಯಾಗಿ ನನ್ನ ಮೊದಲ ಯಶಸ್ಸು ಯಾವುದು ಎಂದು ಯಾರಾದರೂ ಕೇಳಿದರೆ, ಅದು ಆ ಮೂರು ಶಬ್ದ.

ಲೈಬ್ರರಿಯ ಮೂಲೆಯ ಕಪಾಟು

ಐದನೇ ಸೆಮಿಸ್ಟರ್‌ಗೆ ವಾಪಸಾದ ಮೇಲೆ ಕಾಲೇಜು ಲೈಬ್ರರಿಯ ಕನ್ನಡ ಕಪಾಟು ಹುಡುಕಿಕೊಂಡು ಹೋದೆ. ಸಾವಿರಾರು ಟೆಕ್ಸ್ಟ್‌ಬುಕ್‌ಗಳ ನಡುವೆ ಅದೊಂದೇ ಕಪಾಟು. ಅಲ್ಲಿ ಓದಿದ ಪುಸ್ತಕಗಳು ಮತ್ತು ಅವುಗಳ ಲೇಖಕರ ಪರಿಚಯದ ಪುಟಗಳು ನನ್ನ ಒಂದೊಂದೇ ನೆವವನ್ನು ಕಿತ್ತುಹಾಕಿದವು.

‘ಎಂಜಿನಿಯರಿಂಗ್ ಓದುವವಳಿಗೆ ಸಾಹಿತ್ಯ ಯಾಕೆ?’ ಎಂಬುದು ಮೊದಲ ನೆವ. ‘ಶಿಕಾರಿ’ ಬರೆದ ಯಶವಂತ ಚಿತ್ತಾಲರು ಮುಂಬೈನಲ್ಲಿ ಪಾಲಿಮರ್ ತಂತ್ರಜ್ಞಾನದ ಕ್ಷೇತ್ರದಲ್ಲಿ ದುಡಿದವರು. ಮನಸ್ಸು ಮಾತ್ರ ಉತ್ತರ ಕನ್ನಡದ ತಮ್ಮ ಹನೇಹಳ್ಳಿಗೆ ಮತ್ತೆ ಮತ್ತೆ ಮರಳಿತು, ಕಥೆಗಳೂ ಅಲ್ಲಿಂದಲೇ ಬಂದವು. ವಸುಧೇಂದ್ರ ಅವರು ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದವರು. ‘ಛಂದ ಪುಸ್ತಕ’ ಎಂಬ ಪ್ರಕಾಶನವನ್ನೇ ಕಟ್ಟಿ ಹೊಸಬರ ಕಥಾಸಂಕಲನಗಳನ್ನು ಹೊರತಂದರು.

‘ವಯಸ್ಸು ಚಿಕ್ಕದು’ ಅಥವಾ ‘ತಡವಾಯಿತು’ ಎಂಬುದು ಎರಡನೆಯ ನೆವ. ಜಯಂತ ಕಾಯ್ಕಿಣಿ ಅವರಿಗೆ ಮೊದಲ ಕವನ ಸಂಕಲನಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಾಗ ವಯಸ್ಸು ಹತ್ತೊಂಬತ್ತು. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ‘ಫಣಿಯಮ್ಮ’ ಬಂದದ್ದು ಅದಕ್ಕೂ ಎಷ್ಟೋ ವರ್ಷ ನಂತರ. ಹಾಗಾದರೆ ಸರಿಯಾದ ವಯಸ್ಸು ಯಾವುದು? ಹತ್ತೊಂಬತ್ತೂ ಸರಿ, ನಲವತ್ತಾರೂ ಸರಿ.

‘ನನ್ನ ಕನ್ನಡ ಬರಹದ ಕನ್ನಡವಲ್ಲ’ ಎಂಬುದು ಮೂರನೆಯದು, ನನ್ನನ್ನು ಹೆಚ್ಚು ಕಾಡಿದ್ದು. ಧಾರವಾಡದ ಆಡುಮಾತಿಗೆ ಕಾವ್ಯದ ಸಿಂಹಾಸನ ಹಾಕಿಕೊಟ್ಟ ಬೇಂದ್ರೆಯವರಿಗೆ ಜ್ಞಾನಪೀಠ ಬಂತು. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರಿಗೂ ಬಂತು. ನಾನು ಕೆಂಪು ಗೆರೆಗೆ ಹೆದರಿ ಡಬ್ಬಿಯಲ್ಲಿ ಮುಚ್ಚಿಟ್ಟ ಮಾತಿನಲ್ಲೇ ಇವರು ಬರೆದಿದ್ದರು! 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದ ಸುದ್ದಿ ನಿಮಗೆಲ್ಲ ಗೊತ್ತು. ಆ ಸಂಕಲನದ ಕಥೆಗಳು ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದವು. ಅನುವಾದಕಿ ದೀಪಾ ಭಾಸ್ತಿ ಇಂಗ್ಲಿಷ್‌ನಲ್ಲೂ ಎಷ್ಟೋ ಮನೆಮಾತಿನ ಪದಗಳನ್ನು ಹಾಗೆಯೇ ಉಳಿಸಿದರು.

ಇನ್ನು ಕುವೆಂಪು. ವಿದ್ಯಾರ್ಥಿಯಾಗಿದ್ದಾಗ ಅವರು ಬರೆಯುತ್ತಿದ್ದದ್ದು ಇಂಗ್ಲಿಷ್ ಕವಿತೆ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಸಂಕಲನವೂ ಬಂದಿತ್ತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಸಲಹೆ ಕೊಟ್ಟರು. ಕುವೆಂಪು ಅವರಿಗೇ ಆ ಮಾತು ಬೇಕಾಗಿತ್ತು ಎಂದಾದರೆ, ಮಲೆನಾಡು ನೋಡದೆ ಮಲೆನಾಡಿನ ಕಥೆ ಬರೆದ ನನ್ನನ್ನು ಕ್ಷಮಿಸಬಹುದು ಅನ್ನಿಸಿತು. ನನಗೆ ಆ ಸಲಹೆ ಕೊಟ್ಟವಳು ಆಯಿ, ಅದೂ ರೊಟ್ಟಿಯ ಲೆಕ್ಕದಲ್ಲಿ.

ಈಗ ನಾನು ಮಾಡುವುದು

ಉಪದೇಶ ಕೊಡುವಷ್ಟು ದೊಡ್ಡವಳಲ್ಲ. ಆದರೆ ನನಗೆ ಉಪಯೋಗವಾದ ನಾಲ್ಕು ಸಂಗತಿ ಹೇಳುತ್ತೇನೆ.

ಬರೆಯುವ ಹೊತ್ತು ಬೇರೆ, ಅನುಮಾನಿಸುವ ಹೊತ್ತು ಬೇರೆ ಮಾಡಿಕೊಂಡಿದ್ದೇನೆ. ಮೊದಲ ಸಲ ಬರೆಯುವಾಗ ತಿರುಗಿ ಓದುವುದಿಲ್ಲ. ಮುಗಿಸಿ ಒಂದು ವಾರ ಮುಟ್ಟುವುದಿಲ್ಲ. ಬಾಯಿ ತೆಗೆದ ಹಗೇವಿಗೆ ಕೂಡಲೇ ಇಳಿಯಬಾರದು ಎಂದು ಆಯಿ ಹೇಳಿದ್ದು ಇಲ್ಲಿಯೂ ನಿಜ. ಗಾಳಿ ಆಡಿದ ಮೇಲೆ ಕಂದೀಲು ಹಿಡಿದು ಇಳಿಯುತ್ತೇನೆ. ಆಗ ಅನುಮಾನಕ್ಕೆ ಪೂರ್ತಿ ಸ್ವಾತಂತ್ರ್ಯ.

ಕಳಿಸುವ ಮೊದಲು ಒಬ್ಬರಿಗಾದರೂ ಗಟ್ಟಿಯಾಗಿ ಓದಿ ಹೇಳುತ್ತೇನೆ. ‘ಸೂಪರ್’ ಎನ್ನುವವರಿಗಿಂತ ‘ಕಲ್ಲು ಚೌಕಿತ್ತು’ ಎನ್ನುವವರನ್ನು ಹುಡುಕಿಕೊಳ್ಳಿ. ಊರಿಗೆ ಹೋಗದ ದಿನಗಳಲ್ಲಿ ನನ್ನ ರೂಮ್‌ಮೇಟ್ ಆ ಕೆಲಸ ಮಾಡುತ್ತಾಳೆ. ಮಂಡ್ಯದವಳಾದ ಆಕೆಗೆ ನನ್ನ ಕನ್ನಡದ ಅರ್ಧ ಶಬ್ದ ಹೊಸತು. ಅವಳಿಗೂ ಅರ್ಥವಾದರೆ ಎಲ್ಲರಿಗೂ ಆಗುತ್ತದೆ ಎಂದು ಲೆಕ್ಕ.

ಒಂದು ಸಣ್ಣ ಡೈರಿ ಇಟ್ಟಿದ್ದೇನೆ. ಯಾವ ಬರಹ, ಎಲ್ಲಿಗೆ, ಯಾವ ದಿನ ಕಳಿಸಿದೆ, ಏನಾಯಿತು. ಮೂರು ತಿಂಗಳು ಉತ್ತರ ಬರದಿದ್ದರೆ ಆ ಸಾಲಿನ ಮುಂದೆ ‘ಇಲ್ಲ’ ಎಂದು ಬರೆದು, ಬರಹವನ್ನು ಮತ್ತೊಮ್ಮೆ ತಿದ್ದಿ ಬೇರೆ ಕಡೆ ಕಳಿಸುತ್ತೇನೆ. ಇವತ್ತಿನ ಲೆಕ್ಕ: ಕಳಿಸಿದ್ದು ಹನ್ನೊಂದು, ಪ್ರಕಟವಾದದ್ದು ಎರಡು. ಮೊದಲಾಗಿದ್ದರೆ ಒಂಬತ್ತು ‘ಇಲ್ಲ’ಗಳು ನನ್ನ ಬಗ್ಗೆ ಕೊಟ್ಟ ತೀರ್ಪಾಗಿ ಕಾಣುತ್ತಿದ್ದವು. ಈಗ ಅವು ಡೈರಿಯ ಒಂಬತ್ತು ಸಾಲು. ಕೆಲಸಕ್ಕೆ ಅರ್ಜಿ ಹಾಕಿ ಉತ್ತರಕ್ಕಾಗಿ ಕಾಯುತ್ತಿರುವ ಅಣ್ಣಂದಿರು, ಅಕ್ಕಂದಿರೂ ಇಂಥದ್ದೊಂದು ಡೈರಿ ಇಟ್ಟು ನೋಡಿ. ಬಾರದ ಉತ್ತರಕ್ಕೆ ನಮ್ಮದೇ ಅನುವಾದ ಬರೆದುಕೊಳ್ಳುವ ಚಟ ಕಡಿಮೆಯಾಗುತ್ತದೆ.

ನಾಲ್ಕನೆಯದು, ಬೇರೆಯವರ ಯಶಸ್ಸಿನ ಅಳತೆಕೋಲಿನಿಂದ ನಮ್ಮನ್ನು ಅಳೆಯುವುದನ್ನು ಬಿಡುವುದು. ಹಗೇವಿನ ಬರಹ ಒಂದು ಕಡೆ ಪ್ರಕಟವಾಗಲಿಲ್ಲ, ಎರಡನೆಯ ಕಡೆ ಆಯಿತು. ಸ್ಥಳದ ಅಭಾವಕ್ಕೆ ಮೂರನೇ ಒಂದು ಭಾಗ 

ಕತ್ತರಿಸಿದ್ದರು, ಮುತ್ಯಾ ಮಾತ್ರ ಉಳಿದಿದ್ದ. ಅಪ್ಪ ಏನೂ ಹೇಳಲಿಲ್ಲ. ಆ ಪುಟವನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ. ಸುಟ್ಟ ಮೋಟರ್ ತಂದ ರೈತರೊಬ್ಬರು ಅದನ್ನು ನಿಂತೇ ಓದಿ, ‘ನಮ್ಮದೂ ಒಂದ ಹಗೇ ನೀರಾಗ ಐತ್ರೀ’ ಎಂದರಂತೆ. ಆಮೇಲೆ ಅಪ್ಪನೂ ಅವರೂ ಮೋಟರ್ ಮಾತು ಮರೆತು ಅರ್ಧ ತಾಸು ಹಳೆಯ ಊರಿನ ಮಾತಾಡಿದರಂತೆ. ಅವ್ವ ಫೋನಿನಲ್ಲಿ ಇದನ್ನು ಹೇಳಿದಾಗ, ಇಷ್ಟು ಸಾಕು ಅನ್ನಿಸಿತು. ಸುಳ್ಳು ಹೇಳಬಾರದು, ಇನ್ನಷ್ಟು ಬೇಕು ಎಂದೂ ಅನ್ನಿಸಿತು.

ಅನುಮಾನ ಹೋಗಿದೆಯೇ? ಇಲ್ಲ. ಈ ಸಾಲು ಬರೆಯುವಾಗಲೂ ಪಕ್ಕದಲ್ಲೇ ಕೂತಿದೆ. ಮೊದಲು ಅದು ಬಾಗಿಲಲ್ಲಿ ನಿಂತು ಒಳಗೆ ಬಿಡುತ್ತಿರಲಿಲ್ಲ. ಈಗ ಒಳಗೆ ಕರೆದು, ಕೈಗೆ ಪೆನ್ಸಿಲ್ ಕೊಟ್ಟು, ತಪ್ಪು ಹುಡುಕಲು ಹಚ್ಚಿದ್ದೇನೆ.

ಕಳೆದ ತಿಂಗಳು ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಟ್ರೇನಿಂಗ್ ಇತ್ತು. ಅಣಕು ಸಂದರ್ಶನ. ಹೊರಗಿನಿಂದ ಬಂದಿದ್ದವರು ನನ್ನ ರೆಸ್ಯೂಮೆ ಮೇಲೆ ಕಣ್ಣಾಡಿಸುತ್ತಾ ‘ಹಾಬೀಸ್?’ ಎಂದರು. ಗಂಟಲು ಒಂದು ಕ್ಷಣ ಹಳೆಯ ಅಭ್ಯಾಸದಂತೆ ಹಿಡಿಯಿತು. ‘ಬರೀತೀನಿ ಸರ್. ಕನ್ನಡದಲ್ಲಿ’ ಅಂದೆ. ಎಲ್ಲಿ ಪ್ರಕಟವಾಗಿದೆ ಎಂದು ಕೇಳುತ್ತಾರೆ ಎಂದು ಕಾದೆ. ಅವರು ತಲೆ ಕೂಡ ಎತ್ತಲಿಲ್ಲ. ‘ಗುಡ್. ಫ್ಲಿಪ್ ಫ್ಲಾಪ್‌ಗೂ ಲ್ಯಾಚ್‌ಗೂ ಏನು ವ್ಯತ್ಯಾಸ?’ ಎಂದರು.

ಐದು ಸೆಮಿಸ್ಟರ್ ಹೆದರಿದ್ದು ಇಷ್ಟಕ್ಕೇ! ವ್ಯತ್ಯಾಸ ಹೇಳಿ ಹೊರಬಂದೆ. ಹಾಸ್ಟೆಲ್‌ಗೆ ಬಂದು ಟ್ರಂಕ್ ತೆರೆದೆ. ಐದನೆಯ ನೋಟ್‌ಬುಕ್ ಈಗ ಬಟ್ಟೆಗಳ ಮೇಲೆಯೇ ಇರುತ್ತದೆ.